ಖಾಲಿ ಕಾಣುವ ಬಸ್ ಲೇನ್ ನಿಜಕ್ಕೂ ವ್ಯರ್ಥವೇ?

ಒಂದು ಕಡೆ ಸಾಲುಗಟ್ಟಿ ನಿಂತ ಕಾರುಗಳು, ಪಕ್ಕದಲ್ಲೇ ಖಾಲಿ ಬಸ್ ಲೇನ್. 'ಬಸ್ಸಿಗೆಂದು ಜಾಗ ಬಿಟ್ಟಿದ್ದಕ್ಕೇ ಟ್ರಾಫಿಕ್ ಜಾಸ್ತಿಯಾಗಿದೆ' ಎಂಬ ಮಾತಿನ ಜೊತೆ ಇಂಥ ಫೋಟೋ ಆಗಾಗ ಬರುತ್ತದೆ. ಜಾಮ್‌ನಲ್ಲಿ ಸಿಕ್ಕಿಕೊಂಡವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಆ ತೀರ್ಮಾನ ತಪ್ಪು.

ರಸ್ತೆ ಎಷ್ಟು ತುಂಬಿ ಕಾಣುತ್ತದೆ ಎಂಬುದಕ್ಕಿಂತ ಎಷ್ಟು ಜನ ದಾಟುತ್ತಾರೆ ಎಂಬುದು ಮುಖ್ಯ. ನಿಮಿಷಕ್ಕೊಂದು ಬಸ್, ಒಂದರಲ್ಲಿ 50 ಜನ ಎಂದುಕೊಳ್ಳಿ. ಗಂಟೆಗೆ 3,000 ಜನ ಆಯಿತು. ಆದರೂ ಎರಡು ಬಸ್ಸುಗಳ ನಡುವೆ ಲೇನ್ ಖಾಲಿಯೇ ಇರುತ್ತದೆ, ಫೋಟೋದಲ್ಲಿ ಸಿಗುವುದು ಆ ಕ್ಷಣ. ಸರಾಸರಿ ಒಂದೂವರೆ ಜನರಿರುವ ಕಾರುಗಳಲ್ಲಿ ಅಷ್ಟೇ ಜನ ಸಾಗಲು 2,000 ಕಾರು ಬೇಕು. ಸಿಗ್ನಲ್‌ಗಳಿರುವ ರಸ್ತೆಯ ಒಂದೇ ಲೇನ್‌ನಲ್ಲಿ ಅದು ಆಗದ ಮಾತು. ಕೊಲಂಬಿಯಾದ ಬೊಗೋಟಾದಲ್ಲಿ 2000ದಲ್ಲಿ ಶುರುವಾದ ಪ್ರತ್ಯೇಕ ಬಸ್ ಮಾರ್ಗ, ದಟ್ಟಣೆಯ ಹೊತ್ತಲ್ಲಿ ಗಂಟೆಗೆ ಒಂದೇ ದಿಕ್ಕಿನಲ್ಲಿ 40,000ಕ್ಕೂ ಹೆಚ್ಚು ಜನರನ್ನು ಒಯ್ದಿದೆ. ಅಲ್ಲಿ ನಿಲ್ದಾಣಗಳ ಬಳಿ ಒಂದು ಬಸ್ ಇನ್ನೊಂದನ್ನು ದಾಟಲು ಹೆಚ್ಚುವರಿ ಲೇನ್ ಕೂಡ ಇದೆ.

ನೀವೇ ಪರೀಕ್ಷಿಸಬಹುದು. ಬೆಳಗಿನ ದಟ್ಟಣೆಯಲ್ಲಿ ಹದಿನೈದು ನಿಮಿಷ ನಿಂತು, ವಾಹನಗಳನ್ನಲ್ಲ, ಅವುಗಳಲ್ಲಿರುವ ಜನರನ್ನು ಎಣಿಸಿ. ಫೋಟೋ ಎಲ್ಲಿಯದು, ಯಾವಾಗಿನದು ಎಂದು ಇಮೇಜ್ ಸರ್ಚ್‌ನಲ್ಲಿ ನೋಡಿ. ವಿಡಿಯೋ ಆದರೆ ಎಷ್ಟು ಸೆಕೆಂಡ್‌ನದು ಎಂದೂ ಗಮನಿಸಿ.

ಎಣಿಸಿದಾಗ ಹತ್ತು ನಿಮಿಷಕ್ಕೊಂದೇ ಬಸ್ ಕಂಡರೆ ದೂರು ನ್ಯಾಯವೇ. ಆಗ ಕೇಳಬೇಕಾದ್ದು ಲೇನ್ ತೆಗೆಯಿರಿ ಎಂದಲ್ಲ, ಬಸ್ ಹೆಚ್ಚಿಸಿ ಎಂದು.