ಸತ್ಯಾಂಶ: ಚೀನಾದ ಹಳೇ ಅಂಚೆ ಎಲ್ಲರ ಪತ್ರ ಹೊರುತ್ತಿರಲಿಲ್ಲ

"ಎರಡು ಸಾವಿರ ವರ್ಷಗಳ ಹಿಂದೆಯೇ ಚೀನಾದ ಸರ್ಕಾರಿ ಅಂಚೆ ಜನರ ಪತ್ರಗಳನ್ನು ಮನೆಮನೆಗೆ ತಲುಪಿಸುತ್ತಿತ್ತು" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅಂಚೆ ಇದ್ದದ್ದು ನಿಜ. ವಾಯವ್ಯ ಚೀನಾದ ಡುನ್‌ಹುವಾಂಗ್ ಊರಿನ ಬಳಿ, ಸುಮಾರು ಎರಡು ಸಾವಿರ ವರ್ಷ ಹಿಂದೆ ಆಳಿದ ಹಾನ್ ರಾಜವಂಶದ ಕಾಲದ ಅಂಚೆ ಠಾಣೆಯೇ ಸಿಕ್ಕಿದೆ. ಆದರೆ ಅದು ಇದ್ದದ್ದು ಸರ್ಕಾರಿ ಕೆಲಸಕ್ಕೆ.

ಸಾಮಾನ್ಯ ಜನ ಪತ್ರ ಸೇರಬೇಕಾದ ಊರ ಕಡೆ ಹೋಗುವವರ ಕೈಲಿ ಪತ್ರ ಕೊಡಬೇಕಿತ್ತು. ಹುಬೆ ಪ್ರಾಂತ್ಯದ ಶುಯ್‌ಹುದಿಯಲ್ಲಿ ಒಂದು ಗೋರಿಯಿಂದ ಎರಡು ಮರದ ಹಲಗೆಗಳು ಸಿಕ್ಕಿವೆ. ಕ್ರಿ.ಪೂ. 223ರ ಸುಮಾರಿಗೆ ಚಿನ್ ಎಂಬ ರಾಜ್ಯದ ಸೇನೆಯಲ್ಲಿದ್ದ ಹೈಫು, ಜಿಂಗ್ ಎಂಬ ಅಣ್ಣತಮ್ಮಂದಿರು ಮನೆಗೆ ಬರೆದ ಪತ್ರಗಳಿವು. ಅಮ್ಮ ಹೇಗಿದ್ದಾಳೆ ಅಂತ ಕೇಳುತ್ತಾರೆ. ದುಡ್ಡು, ಬಟ್ಟೆ ಕಳಿಸಿ ಅನ್ನುತ್ತಾರೆ. ಓದಿದರೆ ಕರುಳು ಚುರುಕ್ ಅನ್ನುತ್ತದೆ. ಇವೂ ಊರಿಗೆ ಹೊರಟ ಯಾರದೋ ಕೈಲೇ ಬಂದಿರಬೇಕು, ಅಲ್ವಾ?

ದುಡ್ಡು ತಗೊಂಡು ಪತ್ರ ಒಯ್ಯುವ ಖಾಸಗಿ ಅಂಗಡಿಗಳು ಜಾಸ್ತಿ ಹರಡಿದ್ದು ಚಿಂಗ್ ರಾಜವಂಶದ ಕಾಲದಲ್ಲಿ (1644–1912). ಇಡೀ ದೇಶಕ್ಕೆಂದು ಸರ್ಕಾರಿ ಅಂಚೆ ಇಲಾಖೆ ಶುರುವಾದದ್ದು 1896ರಲ್ಲಿ.