ಎಂಆರ್‌ಐ ನಾರ್ಮಲ್ ಬಂದ ಮೇಲೂ

'ಎಂಆರ್‌ಐ ನಾರ್ಮಲ್ ಇದೆ, ಇದು ಮಾನಸಿಕ.' ಈ ಮಾತು ಕೇಳಿದಾಗಲೆಲ್ಲ ನನಗೆ ರೇಗುತ್ತೆ. ಮನೋರೋಗ ಅವಮಾನದ ವಿಷಯ ಅಂತ ಖಂಡಿತ ಅಲ್ಲ. ಆ ಒಂದು ಮಾತಿಗೆ ಮುಂದಿನ ತಪಾಸಣೆಯೆಲ್ಲ ನಿಂತುಹೋಗುತ್ತಲ್ಲ, ಅದಕ್ಕೆ.

ಆಂಟಿ-ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್ ಅಂತ ಮೆದುಳಿನ ಉರಿಯೂತ ಒಂದಿದೆ. ಅಪರೂಪದ್ದು. ಸೋಂಕಿನ ವಿರುದ್ಧ ಹೋರಾಡಬೇಕಾದ ಪ್ರತಿಕಾಯಗಳೇ ನರಕೋಶದ ಮೇಲೆ ಸಂದೇಶ ಹಿಡಿಯುವ ಗ್ರಾಹಕಗಳಿಗೆ (ರಿಸೆಪ್ಟರ್) ಅಂಟಿಕೊಂಡು ಅವನ್ನು ಕೋಶದೊಳಕ್ಕೆ ಎಳೆದುಬಿಡುತ್ತವೆ. ಅರ್ಧಕ್ಕಿಂತ ಹೆಚ್ಚು ರೋಗಿಗಳ ಮೊದಲ ಎಂಆರ್‌ಐನಲ್ಲಿ ಏನೂ ಕಾಣೋದಿಲ್ಲ. ನರರೋಗ ತಜ್ಞ ಡಾಲ್ಮಾವ್ ಅವರ ತಂಡ 2007ರಲ್ಲಿ ಈ ಪ್ರತಿಕಾಯವನ್ನು ಗುರುತಿಸುವ ತನಕ ಕಾಯಿಲೆಗೆ ಈ ಹೆಸರೂ ಇರಲಿಲ್ಲ.

ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಲ್ಲಿ, ಚಿಕ್ಕ ಮಕ್ಕಳಲ್ಲಿ ಬರುತ್ತೆ; ಗಂಡಸರನ್ನೂ ಬಿಟ್ಟಿಲ್ಲ. ಎಷ್ಟೋ ಸಲ ಜ್ವರ, ತಲೆನೋವಿನಿಂದ ಶುರು. ಆಮೇಲೆ ನಿದ್ದೆ ಇಲ್ಲ, ಇಲ್ಲದ ದನಿ ಕೇಳಿಸುತ್ತೆ, ಮನೆಯವರ ಮೇಲೇ ಅನುಮಾನ. ಇಲ್ಲಿಯವರೆಗೆ ಯಾರಿಗಾದರೂ ಮನೋರೋಗ ಅಂತಲೇ ಅನಿಸೋದು ಸಹಜ. ಮುಂದಿನದನ್ನು ನೋಡಬೇಕು. ಮಾತು ಕಮ್ಮಿಯಾಗುತ್ತಾ ನಿಂತೇಹೋಗುತ್ತೆ, ಬಾಯಿ ಮಾತ್ರ ಸುಮ್ಮನಿರಲ್ಲ: ಏನೋ ಅಗಿಯುವ ಹಾಗೆ ದವಡೆ ಆಡುತ್ತೆ, ತುಟಿ ಸೊಟ್ಟಗಾಗುತ್ತೆ, ನಾಲಿಗೆ ಹೊರಗೆ ಬಂದು ಒಳಗೆ ಹೋಗುತ್ತೆ. ಫಿಟ್ಸ್ ಬರಬಹುದು, ಬಿಪಿ ಏರಿಳಿಯಬಹುದು. ಮನೋರೋಗದ ಔಷಧಿ ಕೊಟ್ಟಾಗ ಕೆಲವರ ಮೈ ಕೊರಡಿನಂತಾಗಿ ಜ್ವರ ಏರುತ್ತೆ. ಅದೂ ಒಂದು ಸುಳಿವೇ. ಬಾಯಿ ಆಡೋದನ್ನು ಫೋನಿನಲ್ಲಿ ವಿಡಿಯೋ ಮಾಡಿ ನರರೋಗ ತಜ್ಞರಿಗೆ ತೋರಿಸಿ. ನೀವು ಹೇಳುವ ಹತ್ತು ಮಾತಿಗಿಂತ ಅದು ವಾಸಿ.

ಈ ಪ್ರತಿಕಾಯ ಇದೆಯಾ ಅಂತ ನೋಡೋಕೆ ಬೆನ್ನಿಂದ ನೀರು ತೆಗೆಸಬೇಕು ಅಂದರೆ ಮನೆಯವರು ಬೆಚ್ಚಿಬೀಳುತ್ತಾರೆ, ಕಾಲು ಬಿದ್ದುಹೋಗುತ್ತೆ ಅಂತ. ಸೂಜಿ ಹೋಗೋದು ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ. ರಕ್ತ ಪರೀಕ್ಷೆಯೊಂದೇ ಸಾಲದು: 2014ರ ಅಧ್ಯಯನವೊಂದರಲ್ಲಿ 250 ರೋಗಿಗಳಲ್ಲಿ ಎಲ್ಲರ ಬೆನ್ನಿನ ನೀರಿನಲ್ಲೂ ಪ್ರತಿಕಾಯ ಸಿಕ್ಕಿತ್ತು, ಅವರಲ್ಲಿ ಏಳಕ್ಕೆ ಒಬ್ಬರ ರಕ್ತದಲ್ಲಿ ಇರಲೇ ಇಲ್ಲ.

ಇನ್ನು ಆ ಪ್ರತಿಕಾಯದ ವರದಿ ಬರಲಿ ಅಂತ ಕೈಕಟ್ಟಿ ಕೂರೋದೂ ಸರಿಯಲ್ಲ. ಹರ್ಪಿಸ್ ವೈರಸ್‌ನಂಥ ಸೋಂಕಲ್ಲ ಅಂತ ನೋಡಿಕೊಳ್ಳಬೇಕು, ನಿಜ. ಆದರೆ ಲಕ್ಷಣ, ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ಕೂಡಿಬಂದರೆ ವರದಿಗೆ ಮೊದಲೇ ಚಿಕಿತ್ಸೆ ಶುರುಮಾಡಬಹುದು ಅಂತ 2016ರಲ್ಲೇ ತಜ್ಞರು ಹೇಳಿಯಾಗಿದೆ. ಚಿಕಿತ್ಸೆ ಅಂದರೆ ಪ್ರತಿಕಾಯಗಳ ದಾಳಿ ತಗ್ಗಿಸೋದು: ಸ್ಟಿರಾಯ್ಡ್, ಇಮ್ಯುನೋಗ್ಲಾಬ್ಯುಲಿನ್, ಪ್ಲಾಸ್ಮಾ ಬದಲಾವಣೆ, ಬಗ್ಗದಿದ್ದರೆ ರಿಟುಕ್ಸಿಮ್ಯಾಬ್. ಜೊತೆಗೆ ಹೆಣ್ಣುಮಕ್ಕಳ ಅಂಡಾಶಯದ ಸ್ಕ್ಯಾನ್ ಆಗಲೇಬೇಕು. ಅಲ್ಲಿ ಈ ಪ್ರತಿಕಾಯಗಳನ್ನು ಹುಟ್ಟಿಸುವ ಟೆರಟೋಮಾ ಅನ್ನೋ ಗಡ್ಡೆ ಇದ್ದರೆ ಅದನ್ನು ತೆಗೆಯದೆ ಬರೀ ಔಷಧಿ ಸುರಿದು ಏನು ಪ್ರಯೋಜನ?

ಚೇತರಿಕೆ ನಿಧಾನ, ತಿಂಗಳುಗಟ್ಟಲೆ. ಆದರೂ ಎರಡು ವರ್ಷದ ಹೊತ್ತಿಗೆ ನೂರಕ್ಕೆ 80ರಷ್ಟು ಮಂದಿ ತಮ್ಮ ಕೆಲಸ ತಾವು ನೋಡಿಕೊಳ್ಳುವಷ್ಟಾಗುತ್ತಾರೆ. ಕೆಲವರಿಗೆ ಮರುಕಳಿಸುತ್ತೆ, ಆಗ ಗಡ್ಡೆಗಾಗಿ ಸ್ಕ್ಯಾನ್ ಮತ್ತೆ ಮಾಡಿಸಬೇಕು.