ಗಂಜಿಗೊಂದು ಮ್ಯೂಸಿಯಂ

"ಗಂಜಿಗೂ ಮ್ಯೂಸಿಯಂ ಉಂಟಾ ಮಾರಾಯ್ರೆ?" ಅಂದಳು ಹೆಂಡತಿ. ಕ್ಯೋಟೋದಿಂದ ಉಜಿಗೆ ಹೋಗುವ ರೈಲಿನಲ್ಲಿದ್ದೆವು.

ಗಂಜಿ ಅಲ್ಲ ಮಾರಾಯ್ತಿ, ಗೆಂಜಿ! ಸಾವಿರ ವರ್ಷದ ಹಿಂದೆ ಮುರಾಸಾಕಿ ಶಿಕಿಬು ಎಂಬ ಅರಮನೆಯ ಹೆಂಗಸು ಬರೆದ ಕತೆ. 54 ಅಧ್ಯಾಯ, ಕೊನೆಯ ಹತ್ತು ನಡೆಯುವುದು ಈ ಉಜಿಯ ಸುತ್ತಮುತ್ತ ಎಂದು ಕೊರೆದೆ. ಅನುವಾದದ ಅರವತ್ತು ಪುಟ ಓದಿ ಮಡಚಿಟ್ಟಿದ್ದನ್ನು ಮಾತ್ರ ಹೇಳಲಿಲ್ಲ.

ಹೊಳೆ ದಾಟಿ, ಏದುಸಿರು ಬಿಟ್ಟು ಹೋದರೆ ಬಾಗಿಲು ಹಾಕಿತ್ತು. ಸೋಮವಾರ ರಜೆಯಂತೆ. ನೋಡಿಕೊಂಡು ಹೊರಡಬೇಕಾದವನು ನಾನೇ. ಅಷ್ಟು ದೂರ ಬಂದು ಸುಮ್ಮನೆ ತಿರುಗುವುದು ಹೇಗೆ? ಪೊದೆಯ ಸಂದಿಯಲ್ಲಿ ಕತ್ತು ತೂರಿಸಿ ಇಣುಕಿದೆ. ಹಿಂದಿನಿಂದ ಯಾರೋ ಕೆಮ್ಮಿದರು. ತಿರುಗಿದರೆ ಕೈಯಲ್ಲಿ ಪೊರಕೆ ಹಿಡಿದ ಅಜ್ಜ. "ಗೆತ್ಸುಯೋಬಿ" ಎಂದು ಬಗ್ಗಿದರು. ಸೋಮವಾರ ಎಂದರ್ಥ, ಅವರಲ್ಲೂ ಅದು ಚಂದ್ರನ ವಾರವೇ. ನಾನೂ ಬಗ್ಗಿದೆ. ಅವರು ಇನ್ನಷ್ಟು ಬಗ್ಗಿದರು. ಮರ್ಯಾದೆಯಲ್ಲಿ ಸೋಲಬಾರದೆಂದು ಮತ್ತೂ ಬಗ್ಗಿದಾಗ ಜೇಬಿನ ಚಿಲ್ಲರೆಯೆಲ್ಲ ನೆಲಕ್ಕೆ. ಹತ್ತು ಯೆನ್ ನಾಣ್ಯಗಳನ್ನು ಅಜ್ಜನೇ ಹೆಕ್ಕಿಕೊಟ್ಟು, ಅದರ ಮೇಲಿನ ಗುಡಿಯನ್ನೂ ಹೊಳೆಯಾಚೆಯನ್ನೂ ಬೆರಳಲ್ಲಿ ತೋರಿಸಿದರು. ಅಲ್ಲಿಗೆ ಹೋಗಿ ಎಂದೋ, ಇಲ್ಲಿಂದ ಹೋಗಿ ಎಂದೋ! 1053ರ ಆ ಬ್ಯೋಡೋ-ಇನ್ ಮಂಟಪವನ್ನು ನೋಡಿ ದಿನ ಕಳೆದೆವು.

ಮಂಗಳವಾರ ಒಳಗೆ ಹೋದೆವು. ಆಳೆತ್ತರದ ಎತ್ತಿನ ಗಾಡಿ ನೋಡಿ ಇವಳಿಗೆ ಖುಷಿ. "ಒಂದೇ ಎತ್ತು ಎಳೆಯುವುದಂತೆ, ಪಾಪ" ಎಂದು ನಾಲ್ಕು ಸಲ ಸುತ್ತಿದಳು. ಉಜಿಯ ಅಧ್ಯಾಯಗಳು ಬರುವ ಹೊತ್ತಿಗೆ ಗೆಂಜಿಯೇ ತೀರಿಹೋಗಿರುತ್ತಾನೆ ಎಂದು ನನಗೆ ತಿಳಿದದ್ದು ಅಲ್ಲೇ. ಅರವತ್ತನೇ ಪುಟದಲ್ಲಿ ಗಟ್ಟಿಮುಟ್ಟಾಗಿದ್ದ! ಮುಂದಿನ ನಾಯಕ ಕಾವೋರು, ಹುಟ್ಟಿನಿಂದಲೇ ಮೈಯಲ್ಲಿ ಸುಗಂಧ ಇದ್ದವನು. ಬೆಳದಿಂಗಳಲ್ಲಿ ಬೇಲಿಯ ಸಂದಿಯಿಂದ, ವಾದ್ಯ ನುಡಿಸುತ್ತಿದ್ದ ಅಕ್ಕತಂಗಿಯರನ್ನು ಕದ್ದು ನೋಡುತ್ತಾನೆ. ಹಾಗೆ ಇಣುಕುವುದಕ್ಕೆ ಜಪಾನಿಯಲ್ಲಿ 'ಕೈಮಾಮಿ' ಎಂಬ ಹೆಸರೇ ಇದೆ. ಆ ಕಾಲದ ಕತೆಗಳಲ್ಲಿ ಎಷ್ಟೋ ಪ್ರೇಮ ಶುರುವಾಗುವುದೇ ಹಾಗೆ.

ನೋಡಿದೆಯಾ, ನಿನ್ನೆ ನಾನು ಮಾಡಿದ್ದಕ್ಕೂ ಸಾವಿರ ವರ್ಷದ ಪರಂಪರೆ ಉಂಟು ಎಂದೆ.

"ಅವನ ಮೈ ಘಮ್ ಅಂತಿತ್ತು. ನಿಮ್ಮದು ನಿನ್ನೆಯದೇ ಅಂಗಿ."

ರಾತ್ರಿ ಅಂಗಡಿಯಲ್ಲಿ ಅವಳೇ ಒಂದು ಪ್ಯಾಕೆಟ್ ಹಿಡಿದು ಬಂದಳು. ಒಕಾಯು, ಅಂದರೆ ಸಾಕ್ಷಾತ್ ಗಂಜಿ! "ನಾನು ಹೇಳಿದ್ದು ತಪ್ಪಾ?" ಎಂದು ಬಿಸಿ ಮಾಡಲಿಟ್ಟಳು. ಮಿಡಿ ಉಪ್ಪಿನಕಾಯಿಯ ಡಬ್ಬಿ ಹುಡುಕಲು ನಾನು ಸೂಟ್‌ಕೇಸಿಗೆ ಕತ್ತು ತೂರಿಸಿದೆ.